ಉರಿದು ಆರುವ ಹಳದಿ ದೀಪ

ಬಾಗಿಲು ತಟ್ಟಿ, ಅಗುಳಿ ತೆಗೆಯುವಷ್ಟರಲ್ಲಿ ಮರೆಯಾಗುವ ಅತಿಥಿಯ ವಿಷಯದಲ್ಲಿ ಮನೆಯವರಿಗೆ ಒಮ್ಮತವಿರುವುದಿಲ್ಲ. ಹೋದನಲ್ಲ, ಪೀಡೆ ಕಳೆಯಿತು ಎನ್ನುವವರು ಕೆಲವರು. ಯಾರಿರಬಹುದು, ಏಕೆ ಬಂದಿರಬಹುದು ಎಂದು ರಾತ್ರಿಯೆಲ್ಲ ಹೊರಳಾಡುವವರು ಕೆಲವರು. ಇಂದಿನ ಕಾರುಗಳಲ್ಲಿ ಚಾಲಕನ ಎದುರಿನ ಫಲಕದ ಮೇಲೆ ಒಮ್ಮೆ ಉರಿದು ಒಮ್ಮೆ ಆರುವ ಹಳದಿ ದೀಪವೂ ಅಂಥದೊಂದು ಅತಿಥಿಯೇ. ಎಂಜಿನ್ನಿನ ಪಕ್ಕನೋಟದ ರೇಖಾಚಿತ್ರ ಅದರ ಗುರುತು. ಅದನ್ನು ನೀರಿನ ನಲ್ಲಿಯೆಂದು ತಿಳಿದವರೂ ಉಂಟು. ಬಳಕೆಯಲ್ಲಿ ಅದಕ್ಕೆ ‘ಚೆಕ್ ಎಂಜಿನ್’ ದೀಪವೆಂದು ಹೆಸರು.

ಗದಗಿನಿಂದ ಸುಮಾರು ೧೨ ಕಿಲೋಮೀಟರು ದೂರದ ಹರ್ತಿಯಲ್ಲಿ, ಕಾರುಳ್ಳ ಒಂದು ಮನೆಯನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಲಿ. ಸುತ್ತ ಎರೆಹೊಲ, ಊರಲ್ಲಿ ಬಸವೇಶ್ವರನ ಗುಡಿ, ಚಾಲುಕ್ಯರ ಕಾಲದ ಕೆತ್ತನೆಗಳುಳ್ಳ ಉಮಾಮಹೇಶ್ವರನ ಗುಡಿ. ಮನೆಗಿರುವುದು ಒಂದೇ ಕಾರು. ಅಜ್ಜಿಯನ್ನು ವಾರಕ್ಕೊಮ್ಮೆ ಗದಗಿನ ಆಸ್ಪತ್ರೆಗೆ ಒಯ್ಯುವುದು ಅದೇ. ನಡುರಾತ್ರಿ ಓಣಿಯಲ್ಲಿ ಯಾರಿಗಾದರೂ ಹೆರಿಗೆಯ ಬೇನೆ ಕಾಣಿಸಿದರೆ ಬಾಗಿಲು ತೆರೆಯುವುದೂ ಅದೇ. ಸೋಮವಾರ ಆ ಕಾರಿನ ಹಳದಿ ದೀಪ ಹೊತ್ತಿಕೊಂಡಿತು. ಗುರುವಾರ ತಾನಾಗಿ ಆರಿತು.

“ಆರೇತಲ್ಲ, ಇನ್ನೇನ ಚಿಂತಿ?” ಎಂದರು ಯಜಮಾನರು.

“ಬಸವಣ್ಣ ಕಣ್ಣ ತೆರದಾನ ತಗೋ” ಎಂದಳು ಅಜ್ಜಿ.

“ಅದು ಸೆನ್ಸರ್ ಕೆಟ್ಟಿರ್ತೈತ್ರಿ ಅಪ್ಪಾ” ಎಂದ, ಹುಬ್ಬಳ್ಳಿಯಲ್ಲಿ ಓದುವ ಮಗ.

ಮುಂದಿನ ಮಂಗಳವಾರ ದೀಪ ಮತ್ತೆ ಹೊತ್ತಿತು. ಮೂವರಲ್ಲಿ ಯಾರ ಮಾತು ದಿಟ? ವಿಚಾರಿಸಿ ನೋಡಿದರೆ ಮೂವರದೂ ಅಲ್ಲ.

ದೀಪದ ಸ್ವಭಾವ ಅರಿಯಬೇಕಾದರೆ ಅದರ ಹುಟ್ಟನ್ನು ಅರಿಯಬೇಕು. ೧೯೫೮ರಿಂದ ೨೦೧೪ರವರೆಗೆ ಉತ್ತರಪಾಡಾದ ಕಾರ್ಖಾನೆಯಿಂದ ಹೊರಬಿದ್ದ ಅಂಬಾಸಡರ್ ಕಾರನ್ನು ಬಲ್ಲ ಹಿರಿಯರಿಗೆ ನೆನಪಿರಬಹುದು: ಹಿಂದಿನ ಕಾಲದ ಆ ಕಾರಿಗೆ ಕಾಯಿಲೆಯಾದರೆ ಅದು ಮುಚ್ಚುಮರೆಯಿಲ್ಲದೆ ಕೆಮ್ಮುತ್ತಿತ್ತು, ಮುಗ್ಗರಿಸುತ್ತಿತ್ತು, ಕರಿಹೊಗೆ ಉಗುಳುತ್ತಿತ್ತು. ಮಿಸ್ತ್ರಿ ಬಾನೆಟ್ಟನ್ನು ಎತ್ತಿ, ಕಿವಿಗೊಟ್ಟು ಆಲಿಸಿ, ಬೆಂಗಳೂರಿನ ಮೈಕೋ ಕಂಪನಿಯ ಪ್ಲಗ್ಗನ್ನು ಬಿಚ್ಚಿ, ಅದರ ತುದಿಯ ಬಣ್ಣ ನೋಡಿ ರೋಗವನ್ನು ಹೇಳಿಬಿಡುತ್ತಿದ್ದ. ಅಲ್ಲಿ ಗಣಕವಿರಲಿಲ್ಲ, ಸಂವೇದಕವಿರಲಿಲ್ಲ. ಕಾರ್ಬುರೇಟರು, ಪಾಯಿಂಟು, ಪ್ಲಗ್ಗು ಇವಿಷ್ಟೇ ಸಂಸಾರ.

ಆದರೆ ಆ ಕಾಲದ ಕಾರುಗಳ ಹೊಗೆ ನಗರಗಳ ಉಸಿರನ್ನು ಕಟ್ಟಿಸಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ೧೯೮೮ರ ಮಾದರಿಯ ಕಾರುಗಳಿಂದ ಮೊದಲ್ಗೊಂಡು, ಹೊಗೆ ಹೆಚ್ಚಾಗುವಂಥ ದೋಷವನ್ನು ಕಾರು ತಾನೇ ಕಂಡುಹಿಡಿದು ದೀಪದ ಮೂಲಕ ತಿಳಿಸಬೇಕೆಂದು ಕಟ್ಟಳೆ ಮಾಡಿತು. ೧೯೯೬ರಲ್ಲಿ ಆ ವ್ಯವಸ್ಥೆಯ ಎರಡನೆಯ ರೂಪ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಒಂದೇ ಬಗೆಯಲ್ಲಿ ಅನ್ವಯವಾಯಿತು. ನಮ್ಮ ದೇಶದಲ್ಲಿ ೧೯೯೫ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲು ಕಾರುಗಳಿಗೆ ಹೊಗೆ ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರು ಕಡ್ಡಾಯವಾಯಿತು. ೨೦೦೦ದಲ್ಲಿ ಸೀಸ ಬೆರೆತ ಪೆಟ್ರೋಲು ನಿಂತಿತು. ೨೦೧೦ರ ಏಪ್ರಿಲಿನಲ್ಲಿ ಈ ಸ್ವಯಂಪರೀಕ್ಷೆಯ ಮೊದಲ ಹಂತವೂ ೨೦೧೩ರ ಏಪ್ರಿಲಿನಲ್ಲಿ ಎರಡನೆಯ ಹಂತವೂ ಜಾರಿಗೆ ಬಂದವು. ೨೦೨೦ರ ಏಪ್ರಿಲಿನ ಭಾರತ್ ಸ್ಟೇಜ್ ಆರು ಕಟ್ಟಳೆ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಆದುದರಿಂದ ದೀಪದ ಹೆಸರು ಎಂಜಿನ್ನಿನದಾದರೂ ಅದರ ಮುಖ್ಯ ಕಾಳಜಿ ಹೊಗೆಯದು. ದೀಪ ಉರಿಯುತ್ತಿದ್ದರೂ ಕಾರು ಸುಖವಾಗಿ ಓಡುವುದಕ್ಕೆ ಇದೇ ಕಾರಣ. ಓಡುತ್ತಿದೆಯೆಂಬ ಒಂದೇ ನೆಪದಿಂದ ದೀಪವನ್ನು ಸುಳ್ಳೆನ್ನಲಾಗದು ಎಂಬುದಕ್ಕೂ ಇದೇ ಕಾರಣ.

ಇನ್ನು ಉರಿದು ಆರುವ ಪ್ರಶ್ನೆ. ಕಾರಿನ ಗಣಕ ಅವಸರದ ನ್ಯಾಯಾಧೀಶನಲ್ಲ. ಒಮ್ಮೆ ಕಂಡ ತಪ್ಪನ್ನು ಅದು ಸಾಮಾನ್ಯವಾಗಿ ಗುಟ್ಟಾಗಿ ಬರೆದಿಟ್ಟುಕೊಳ್ಳುತ್ತದೆ, ದೀಪ ಹಚ್ಚುವುದಿಲ್ಲ. ಮುಂದಿನ ಸವಾರಿಯಲ್ಲಿಯೂ ಅದೇ ತಪ್ಪು ಕಂಡರೆ ಆಗ ದೀಪ ಉರಿಯುತ್ತದೆ. ಅನಂತರ ಸತತವಾಗಿ ಮೂರು ಸವಾರಿಗಳಲ್ಲಿ ತಪ್ಪು ಮತ್ತೆ ಕಾಣದಿದ್ದರೆ ದೀಪ ಆರುತ್ತದೆ. ಆದರೆ ದಫ್ತರದಲ್ಲಿಯ ಬರಹ ಅಳಿಯುವುದಿಲ್ಲ. ಎಂಜಿನ್ನು ಸುಮಾರು ೪೦ ಬಾರಿ ಕಾದು, ಅಷ್ಟೂ ಬಾರಿ ನಿರ್ದೋಷಿಯೆನಿಸಿಕೊಂಡ ಮೇಲೆಯೇ ಅದು ಅಳಿಯುವುದು. ಕಾದುದೆಂದರೆ ತುಸು ಬೆಚ್ಚಗಾದರೆ ಸಾಲದು: ತಂಪುನೀರಿನ ಉಷ್ಣತೆ ಹೊರಟಾಗಿನದಕ್ಕಿಂತ ಕನಿಷ್ಠ ೨೨ ಡಿಗ್ರಿ ಏರಬೇಕು, ೭೦ ಡಿಗ್ರಿ ಸೆಲ್ಸಿಯಸನ್ನು ಮುಟ್ಟಬೇಕು. ಹೊಲದವರೆಗೆ ಹೋಗಿ ಮರಳುವ ಸವಾರಿ ಅನೇಕ ವೇಳೆ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಹರ್ತಿಯ ಮನೆಯಲ್ಲಿ ಗುರುವಾರ ಆರಿದ್ದು ದೀಪ ಮಾತ್ರ. ದೂರು ದಫ್ತರದಲ್ಲಿ ಹಾಗೆಯೇ ಇತ್ತು.

ಇದಕ್ಕಿಂತಲೂ ಸೂಕ್ಷ್ಮವಾದ ಸಂಗತಿಯೊಂದಿದೆ. ಅದನ್ನು ತಿಳಿಯದೆ ಅನೇಕರು ಮಿಸ್ತ್ರಿಯೊಡನೆ ಜಗಳ ಕಾಯುತ್ತಾರೆ. ಗಣಕ ತನ್ನ ಎಲ್ಲ ಪರೀಕ್ಷೆಗಳನ್ನು ಎಲ್ಲ ಸವಾರಿಗಳಲ್ಲಿಯೂ ನಡೆಸುವುದಿಲ್ಲ. ಕನ್ವರ್ಟರಿನ ಪರೀಕ್ಷೆಗೆ ಎಂಜಿನ್ನು ಚೆನ್ನಾಗಿ ಕಾದು, ಕಾರು ಒಂದೇ ವೇಗದಲ್ಲಿ ಕೆಲಹೊತ್ತು ಓಡಬೇಕು. ಹರ್ತಿಯಿಂದ ಗದಗಿನ ಮಾರುಕಟ್ಟೆಗೆ ಹೋಗಿಬರುವ ದಾರಿಯಲ್ಲಿ, ಕುರಿಮಂದೆಗೊಮ್ಮೆ ಟ್ರ್ಯಾಕ್ಟರಿಗೊಮ್ಮೆ ನಿಂತು ಸಾಗುವ ಕಾರಿಗೆ ಆ ಯೋಗ ಕೂಡಿಬರುವುದು ವಿರಳ. ಅದೇ ಕಾರು ಹುಬ್ಬಳ್ಳಿಯ ಹೆದ್ದಾರಿ ಹಿಡಿದಾಗ ಪರೀಕ್ಷೆ ನಡೆಯುತ್ತದೆ, ಕಾರು ನಪಾಸಾಗುತ್ತದೆ, ಅಂಥ ಎರಡನೆಯ ಪ್ರಯಾಣದಲ್ಲಿ ದೀಪ ಉರಿಯುತ್ತದೆ. “ಹುಬ್ಬಳ್ಳಿ ರಸ್ತಾ ಕಾರ ಕೆಡಿಸ್ತು” ಎನ್ನುತ್ತಾರೆ ಯಜಮಾನರು. ರಸ್ತೆಯ ತಪ್ಪೇನೂ ಇಲ್ಲ. ಪರೀಕ್ಷೆಯೇ ನಡೆಯದ ದಿನ ನಪಾಸಾಗುವ ಹುಡುಗ ಯಾವ ಶಾಲೆಯಲ್ಲಿದ್ದಾನೆ?

ಹಾಗೆಂದು ಎಲ್ಲ ಮಿನುಗಾಟವೂ ಪರೀಕ್ಷೆಯ ವೇಳಾಪಟ್ಟಿಯದೆನ್ನಲಾಗದು. ನಿಜಕ್ಕೂ ಬಂದುಹೋಗುವ ದೋಷಗಳಿವೆ. ಅವಕ್ಕೆ ಪ್ರಿಯವಾದವು ಮೂರು—ಕಾವು, ತೇವ, ಕುಲುಕಾಟ. ಕಿಡಿ ಹೊತ್ತಿಸುವ ಕಾಯಿಲ್ಲಿನೊಳಗೆ ಕೂದಲೆಳೆಯಂಥ ತಂತಿ ಬಿರಿದಿದ್ದರೆ, ತಣ್ಣಗಿರುವಾಗ ಎರಡು ತುದಿಗಳೂ ಕೂಡಿರುತ್ತವೆ. ವೈಶಾಖದ ಬಿಸಿಲಿನಲ್ಲಿ ಎಂಜಿನ್ನು ಕಾದಾಗ ಲೋಹ ಹಿಗ್ಗಿ ಅವು ಅಗಲುತ್ತವೆ. ಅರ್ಧ ಗಂಟೆ ಮರದ ನೆರಳಿನಲ್ಲಿ ನಿಲ್ಲಿಸಿದರೆ ಮತ್ತೆ ಕೂಡುತ್ತವೆ. ಮುಂಗಾರಿನಲ್ಲಿ ಪ್ಲಗ್ಗಿನ ರಬ್ಬರು ಹೊದಿಕೆಯ ಸೀಳಿನೊಳಗೆ ತೇವ ಹೊಕ್ಕರೆ ಕಿಡಿ ಅಡ್ಡದಾರಿ ಹಿಡಿಯುತ್ತದೆ. ಎಂಜಿನ್ನಿನ ಶಾಖಕ್ಕೆ ತೇವ ಆರಿದೊಡನೆ ಎಲ್ಲವೂ ಸರಿ. ಎರೆನೆಲದ ದಾರಿಯ ತಗ್ಗುದಿಣ್ಣೆಗಳಲ್ಲಿ ಸಡಿಲವಾದ ಒಂದು ಜೋಡಣೆ ಕ್ಷಣಮಾತ್ರ ಬಿಟ್ಟು ಮತ್ತೆ ಹಿಡಿಯುತ್ತದೆ. ಬ್ಯಾಟರಿಯ ಕೊನೆಗಳಲ್ಲಿ ಕಟ್ಟಿದ ಬಿಳಿಯ ಕಿಲುಬು, ಚಾಸಿಗೆ ಬಿಗಿದ ಭೂತಂತಿಯ ತುಕ್ಕು, ಇವು ಹತ್ತಾರು ಸಂವೇದಕಗಳನ್ನು ಒಮ್ಮೆಗೇ ಸುಳ್ಳು ಹೇಳುವಂತೆ ಮಾಡಬಲ್ಲವು. ಕಣಜವಿರುವ ಮನೆಯ ಮಗ್ಗುಲಲ್ಲಿ ನಿಲ್ಲಿಸಿದ ಕಾರಿಗೆ ಇಲಿಗಳ ಕಾಟ ಬೇರೆ. ಅರ್ಧ ಕಡಿದ ತಂತಿಯಷ್ಟು ವಂಚಕವಾದುದು ಮತ್ತೊಂದಿಲ್ಲ. ಪೂರ್ತಿ ಕಡಿದಿದ್ದರೆ ಒಂದೇ ದಿನದಲ್ಲಿ ಸಿಕ್ಕಿಬೀಳುತ್ತಿತ್ತು!

ಹಬೆಯಂತೆ ಕಾಣದ ಇನ್ನೊಂದು ಕಳ್ಳ, ಗಾಳಿಯ ಸೋರಿಕೆ. ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರು ಕೊಳವೆ ಬಿರಿದಿದ್ದರೆ ಗಣಕದ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತದೆ. ಕಾರು ನಿಂತು ಎಂಜಿನ್ನು ಮೆಲ್ಲಗೆ ತಿರುಗುತ್ತಿರುವಾಗ ಬೇಕಾದ ಗಾಳಿಯೇ ಅಲ್ಪ, ಅದರಲ್ಲಿ ಕಳ್ಳಗಾಳಿಯ ಪಾಲು ದೊಡ್ಡದು. ವೇಗವಾಗಿ ಓಡುವಾಗ ಅದೇ ಸೋರಿಕೆ ಲೆಕ್ಕಕ್ಕಿಲ್ಲದಷ್ಟು ಚಿಕ್ಕದು. ನಿಂತಾಗ ಕೆಮ್ಮು, ಓಡುವಾಗ ಆರೋಗ್ಯ ಎಂಬ ವಿಚಿತ್ರ ಲಕ್ಷಣ ಕಂಡರೆ ಮೊದಲು ಈ ಕೊಳವೆಗಳನ್ನು ನೋಡಬೇಕು. ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ, ನೂರಕ್ಕೆ ೨೦ ಪಾಲು ಎಥೆನಾಲ್ ಬೆರೆತ ಪೆಟ್ರೋಲಿನ ಮಾತೂ ಇಲ್ಲಿ ಪ್ರಸ್ತುತ. ಎಥೆನಾಲಿನಲ್ಲಿಯೇ ಆಮ್ಲಜನಕವಿರುವುದರಿಂದ ಗಣಕ ಇಂಧನವನ್ನು ತುಸು ಹೆಚ್ಚಿಸಬೇಕಾಗುತ್ತದೆ. ಅದಕ್ಕಾಗಿ ಸಿದ್ಧಗೊಳಿಸದ ಹಳೆಯ ಕಾರಿನಲ್ಲಿ ಮೊದಲೇ ಚಿಕ್ಕದೊಂದು ಸೋರಿಕೆಯಿದ್ದರೆ ಎರಡೂ ಕೂಡಿ ಗಣಕದ ಮಿತಿಯನ್ನು ದಾಟಬಹುದು.

ಡೀಸೆಲ್ ಕಾರಿನವರಿಗೆ ಒಂದು ಮಾತು ಸಾಕು. ಭಾರತ್ ಸ್ಟೇಜ್ ಆರರ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಜಾಲರಿಯಿರುತ್ತದೆ. ಕೂಡಿದ ಮಸಿಯನ್ನು ಆಗಾಗ ಕಾವೇರಿಸಿ ಸುಡಬೇಕು. ದಿನಾಲು ಚಿಕ್ಕ ಸವಾರಿಗಳನ್ನೇ ಮಾಡಿದರೆ ಆ ಕಾವು ಬರುವುದಿಲ್ಲ. ಆಗ ದೀಪ ಉರಿದರೆ ಕಾರಿನೊಡನೆ ಬಂದ ಕೈಪಿಡಿ ತೆರೆದು, ಅದು ಹೇಳುವಂತೆ ದೂರದ ದಾರಿಯಲ್ಲಿ ಸಮವೇಗದಿಂದ ಓಡಿಸಿದರೆ ಅನೇಕ ಸಲ ದೀಪ ಆರುತ್ತದೆ.

ಗಣಕದ ದಫ್ತರವನ್ನು ಓದುವ ಬಗೆ ಹೇಗೆ? ಸ್ಟಿಯರಿಂಗಿನ ಕೆಳಗೆ, ಚಾಲಕನ ಮೊಣಕಾಲಿನ ಹತ್ತಿರ, ೧೬ ಕಿಂಡಿಗಳ ಒಂದು ಪೆಟ್ಟಿಗೆ ಇರುತ್ತದೆ. ಅದಕ್ಕೆ ಓದುಯಂತ್ರ ಸಿಕ್ಕಿಸಿದರೆ ‘ಪಿ ೦೩೦೧’, ‘ಪಿ ೦೪೨೦’ ಎಂಬಂಥ ಸಂಕೇತಗಳು ಕಾಣುತ್ತವೆ. ಇಂದು ಮೊಬೈಲಿಗೆ ಹೊಂದುವ, ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಓದುಯಂತ್ರಗಳೂ ಪೇಟೆಯಲ್ಲಿ ದೊರೆಯುತ್ತವೆ. ಸಂಕೇತದೊಂದಿಗೆ, ತಪ್ಪು ಕಂಡ ಗಳಿಗೆಯ ಪಂಚನಾಮೆಯೂ ಇರುತ್ತದೆ: ಆಗ ಎಂಜಿನ್ನು ಎಷ್ಟು ಸುತ್ತುತ್ತಿತ್ತು, ಎಷ್ಟು ಕಾದಿತ್ತು, ಕಾರಿನ ವೇಗವೆಷ್ಟು, ಹೊರೆಯೆಷ್ಟು. ಬಂದುಹೋಗುವ ದೋಷದಲ್ಲಿ ಸಂಕೇತಕ್ಕಿಂತ ಈ ಪಂಚನಾಮೆಯೇ ಬೆಲೆಯುಳ್ಳದ್ದು. ಅವಸರದ ಗ್ಯಾರೇಜುಗಳಲ್ಲಿ ಕಡೆಗಣಿಸಲ್ಪಡುವುದೂ ಇದೇ ಎಂಬುದು ವಿಷಾದದ ಮಾತು.

ಸಂಕೇತ ಹೇಳುವುದು ಎಲ್ಲಿ ನೋಯುತ್ತದೆ ಎಂಬುದನ್ನು. ಏಕೆ ನೋಯುತ್ತದೆ ಎಂಬುದನ್ನಲ್ಲ. ‘ಪಿ ೦೪೨೦’ ಎಂದರೆ ಕನ್ವರ್ಟರಿನ ಕೆಲಸ ಸಾಲದು ಎಂದರ್ಥ. ಅದನ್ನು ಓದಿದೊಡನೆ, “ಕನ್ವರ್ಟರ್ ಹೋಗೇತ್ರಿ ಸಾಹೇಬ್ರ, ಹೊಸಾದು ಹಾಕಬೇಕು” ಎನ್ನುವವರಿದ್ದಾರೆ. ಪ್ಲಾಟಿನಂ, ಪೆಲೇಡಿಯಂ, ರೋಡಿಯಂ ಎಂಬ ಅಮೂಲ್ಯ ಲೋಹಗಳ ಲೇಪವಿರುವ ಆ ಪಾತ್ರೆಯ ಬೆಲೆ ಮಧ್ಯಮವರ್ಗದ ಮನೆಯ ತಿಂಗಳ ಲೆಕ್ಕವನ್ನು ಬುಡಮೇಲು ಮಾಡಬಲ್ಲುದು. ಕನ್ವರ್ಟರಿನ ಹಿಂದೆಯೂ ಮುಂದೆಯೂ ಒಂದೊಂದು ಆಮ್ಲಜನಕ ಸಂವೇದಕವಿರುತ್ತದೆ. ಮುಂದಿನದರ ವಿದ್ಯುತ್ತು ಏರಿಳಿಯುತ್ತಿದ್ದರೂ ಹಿಂದಿನದು ಹೆಚ್ಚುಕಡಿಮೆ ಸ್ಥಿರವಾಗಿರುವುದು ಆರೋಗ್ಯದ ಲಕ್ಷಣ. ಹೊಗೆಕೊಳವೆಯ ಕೂಡಿಕೆಯಲ್ಲಿ ಸಣ್ಣದೊಂದು ಬಿರುಕಿದ್ದು ಹೊರಗಿನ ಗಾಳಿ ಒಳಸೇರಿದರೂ, ಹಿಂದಿನ ಸಂವೇದಕವೇ ಮುಪ್ಪಾಗಿದ್ದರೂ ಗಣಕಕ್ಕೆ ಕಾಣುವುದು ಅದೇ ಚಿತ್ರ. ಈ ಎರಡನ್ನೂ ನೋಡದೆ ಕನ್ವರ್ಟರು ಬಿಚ್ಚುವವರ ಕೈಗೆ ಕಾರು ಕೊಡಬಾರದು.

ಒಳ್ಳೆಯ ಮಿಸ್ತ್ರಿಯ ಜಾಣ್ಮೆಗೆ ಒಂದು ಉದಾಹರಣೆ. ‘ಪಿ ೦೩೦೧’ ಎಂದರೆ ಒಂದನೆಯ ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದೆ ಅಥವಾ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಸಿಲಿಂಡರಿಗೊಂದು ಕಾಯಿಲ್ಲುಳ್ಳ ಕಾರಾದರೆ, ಆತ ಹೊಸದನ್ನು ಕೊಳ್ಳುವುದಿಲ್ಲ. ಒಂದನೆಯದರ ಕಾಯಿಲ್ಲನ್ನು ಎರಡನೆಯದಕ್ಕೂ ಎರಡನೆಯದರದನ್ನು ಒಂದನೆಯದಕ್ಕೂ ಅದಲುಬದಲು ಮಾಡಿ ಕಾರನ್ನು ಮನೆಗೆ ಕಳಿಸುತ್ತಾನೆ. ನಾಲ್ಕು ದಿನದ ಮೇಲೆ ದೀಪ ಉರಿದು ‘ಪಿ ೦೩೦೨’ ಎಂದು ಬಂದರೆ ಕಳ್ಳ ಕಾಯಿಲ್ಲೇ. ‘ಪಿ ೦೩೦೧’ ಎಂದೇ ಉಳಿದರೆ ಕಾಯಿಲ್ಲು ನಿರಪರಾಧಿ. ಪ್ಲಗ್ಗನ್ನೋ ಇಂಜೆಕ್ಟರನ್ನೋ ತಂತಿಯನ್ನೋ ಹುಡುಕಬೇಕು. ಇದಕ್ಕೆ ತಗಲುವ ಖರ್ಚು ಹತ್ತು ನಿಮಿಷ, ತುಸು ತಾಳ್ಮೆ. ತಾಳ್ಮೆಯನ್ನು ಮಿಸ್ತ್ರಿ ಮಾತ್ರವಲ್ಲ, ಯಜಮಾನರೂ ಇಟ್ಟುಕೊಳ್ಳಬೇಕು. “ಇವತ್ತ ಸರಿ ಆಗಬೇಕ ನೋಡಪಾ” ಎಂದು ಗ್ಯಾರೇಜಿನಲ್ಲಿ ಕುಳಿತರೆ, ಕಂಡಕಂಡ ಭಾಗ ಬದಲಿಸುವುದನ್ನು ಬಿಟ್ಟು ಆತನಿಗೆ ಬೇರೆ ದಾರಿಯಿರುವುದಿಲ್ಲ. ದೋಷವಂತೂ, ವೈದ್ಯರ ಬಾಗಿಲು ಕಂಡೊಡನೆ ನಿಲ್ಲುವ ಹಲ್ಲುನೋವಿನಂತೆ, ಗ್ಯಾರೇಜಿನ ಅಂಗಳದಲ್ಲಿ ಸುಳಿಯುವುದೇ ಇಲ್ಲ.

ಆದುದರಿಂದಲೇ ಇಂಥ ಕಾರಿನಲ್ಲಿ ಎರಡು ರೂಪಾಯಿಯ ಪೆನ್ನೂ ಒಂದು ಹಾಳೆಯೂ ಇರುವುದು ಮೇಲು. ದೀಪ ಹತ್ತಿದ ದಿನ, ಹೊತ್ತು, ಎಂಜಿನ್ನು ತಣ್ಣಗಿತ್ತೋ ಕಾದಿತ್ತೋ, ಮಳೆಯಿತ್ತೋ, ಏರುದಾರಿಯೋ ಸಪಾಟೋ, ಪೆಟ್ರೋಲು ತುಂಬಿಸಿ ಎಷ್ಟು ಹೊತ್ತಾಗಿತ್ತು—ಇವನ್ನು ಗೀಚಿಟ್ಟರೆ ಸಾಕು. ಚಾಲಕ ಬರೆಯುವುದು ಕಾರು ನಿಂತ ಮೇಲೆ. ಓಡುವಾಗ ಪಕ್ಕದಲ್ಲಿ ಕುಳಿತವರು ಬರೆಯಲಿ. ಅಂಥ ಏಳೆಂಟು ಸಾಲು ಕೂಡಿದಾಗ, ದೀಪ ಹೊತ್ತಿದ್ದೆಲ್ಲ ಮಳೆಯ ಮರುದಿನವೇ ಎಂಬುದು ಮನೆಯ ಅಜ್ಜಿಯ ಕಣ್ಣಿಗೂ ಹೊಳೆಯುತ್ತದೆ.

ಇದೆಲ್ಲ ಸ್ಥಿರವಾಗಿ ಉರಿಯುವ ದೀಪದ ಮಾತು. ಹಳದಿ ದೀಪ ಕಣ್ಣು ಮಿಟುಕಿಸಿದಂತೆ ಮಿನುಗತೊಡಗಿದರೆ ಅದು ಬೇರೆ ಮಾತು. ಕಿಡಿ ತಪ್ಪಿದ ಸಿಲಿಂಡರಿನಿಂದ ಉರಿಯದ ಪೆಟ್ರೋಲು ಕನ್ವರ್ಟರಿಗೆ ಹರಿದು ಅಲ್ಲಿ ಉರಿಯತೊಡಗಿದೆ ಎಂದು ಅದರರ್ಥ; ಒಳಗಿನ ಜೇನುಗೂಡಿನಂಥ ಪಿಂಗಾಣಿ ಕರಗಿ ಕಟ್ಟಿಕೊಳ್ಳಬಹುದು. ಇಲ್ಲಿ ಎರಡು ಮೂರು ಸವಾರಿಗಳ ವಿಚಾರಣೆಯಿಲ್ಲ, ಗಣಕ ತತ್‌ಕ್ಷಣವೇ ಕೂಗುತ್ತದೆ. ವೇಗ ತಗ್ಗಿಸಿ, ಬದಿಗೆ ನಿಲ್ಲಿಸುವುದು ಕ್ಷೇಮ. ಸಾವಿರ ರೂಪಾಯಿಗಳಲ್ಲಿ ಮುಗಿಯಬಹುದಾಗಿದ್ದ ಕಾಯಿಲ್ಲಿನ ದೋಷ ಇಲ್ಲಿ ನಿರ್ಲಕ್ಷ್ಯದಿಂದ ಹಲವು ಪಟ್ಟು ಬೆಳೆಯುತ್ತದೆ. ಎಣ್ಣೆಯ ಕುಪ್ಪಿಯ ಚಿತ್ರದ ಕೆಂಪು ದೀಪ, ಉಷ್ಣತೆಯ ಕೆಂಪು ದೀಪ ಇವು ಬೇರೆಯೇ ಕುಲದವು; ಅವು ಉರಿದಾಗ ಎಂಜಿನ್ನನ್ನು ಆರಿಸದೆ ಮುಂದಿನ ಊರಿನವರೆಗೆ ಹೋಗೋಣ ಎನ್ನುವುದು ಎಂಜಿನ್ನಿಗೆ ಎಳ್ಳುನೀರು ಬಿಟ್ಟಂತೆಯೇ.

ಕೊನೆಯದಾಗಿ, ದೀಪವನ್ನು ಆರಿಸುವ ಕಲೆಯ ವಿಚಾರ. ಓದುಯಂತ್ರದ ಒಂದು ಗುಂಡಿಯೊತ್ತಿದರೆ, ಹಲವು ಕಾರುಗಳಲ್ಲಿ ಬ್ಯಾಟರಿಯ ತಂತಿಯನ್ನು ಕೆಲಹೊತ್ತು ಬಿಚ್ಚಿಟ್ಟರೆ, ದೀಪ ಆರುತ್ತದೆ. ದುರಸ್ತಿಯ ಮೊದಲು ಹೀಗೆ ಅಳಿಸುವುದೆಂದರೆ ಸಾಕ್ಷಿಯನ್ನು ಹೂಳಿದಂತೆ. ಸಂಕೇತದೊಡನೆ ಪಂಚನಾಮೆಯೂ ಹೋಗುತ್ತದೆ, ಎಂಜಿನ್ನಿನ ಬಗೆಗೆ ಗಣಕ ದಿನದಿನಕ್ಕೆ ಕಲಿತಿದ್ದ ಪಾಠವೂ ಹೋಗುತ್ತದೆ. ಈ ಕಲೆ ಹೆಚ್ಚಾಗಿ ಮೆರೆಯುವುದು ಹಳೆಯ ಕಾರುಗಳ ವ್ಯಾಪಾರದಲ್ಲಿ. ಮಗಳ ಮದುವೆಗೆ ಮುಂಚೆಯೋ ಹೊಸ ನೌಕರಿಯ ಸಂತೋಷದಲ್ಲಿಯೋ, ಕೂಡಿಟ್ಟ ಹಣ ಸುರಿದು ಹಳೆಯ ಕಾರು ಕೊಳ್ಳುವ ಸಂಸಾರಕ್ಕೆ ಆ ದಿನ ಫಲಕದ ಮೇಲೆ ಒಂದು ಹಳದಿ ಚುಕ್ಕೆಯೂ ಕಾಣುವುದಿಲ್ಲ. ಹತ್ತು ದಿನದ ಮೇಲೆ ಕಾಣುತ್ತದೆ. ಆಗ ಮಾರಿದವರು, “ನಮ್ಮ ಹಂತ್ಯಾಕ ಇದ್ದಾಗ ಹಂಗೇನೂ ಇರಲಿಲ್ರಿ” ಎನ್ನುತ್ತಾರೆ.

ಇದಕ್ಕೆ ಮದ್ದೂ ಅದೇ ೧೬ ಕಿಂಡಿಗಳ ಪೆಟ್ಟಿಗೆಯಲ್ಲಿದೆ. ಕೀಲಿ ತಿರುಗಿಸಿದಾಗ, ಎಂಜಿನ್ನು ಹೊರಡುವ ಮೊದಲು, ದೀಪ ಒಮ್ಮೆ ಉರಿದು ತೋರಿಸಬೇಕು. ಉರಿಯದಿದ್ದರೆ ಅದರ ಉಸಿರನ್ನೇ ಯಾರೋ ಕಟ್ಟಿದ್ದಾರೆಂದು ಸಂಶಯಪಡಬೇಕು. ಅನಂತರ ಓದುಯಂತ್ರದಲ್ಲಿ ಸಂಕೇತಗಳಿವೆಯೆ ಎಂದು ನೋಡಿ ಅಷ್ಟಕ್ಕೇ ತೃಪ್ತರಾಗದೆ, ಗಣಕದ ಪರೀಕ್ಷೆಗಳು ಪೂರ್ಣವಾಗಿವೆಯೆ ಎಂಬುದನ್ನು ನೋಡಬೇಕು. ದಫ್ತರ ಅಳಿಸಿದ ಹೊಸದರಲ್ಲಿ ಅನೇಕ ಪರೀಕ್ಷೆಗಳು ಅಪೂರ್ಣವೆಂದೇ ಕಾಣುತ್ತವೆ. ಇನ್ನೂ ಸ್ಪಷ್ಟವಾದ ಅಂಕಿಯೊಂದನ್ನು ಬಹಳ ಕಾರುಗಳು ಹೇಳುತ್ತವೆ: ಸಂಕೇತಗಳನ್ನು ಅಳಿಸಿದ ಮೇಲೆ ಓಡಿದ ದೂರ. ಬ್ಯಾಟರಿ ಬದಲಿಸಿದಾಗಲೂ ಇದು ಹೊಸದಾಗಿ ಮೊದಲಾಗಬಹುದಾದ್ದರಿಂದ, ಅಂಕಿ ಚಿಕ್ಕದಾದ ಮಾತ್ರಕ್ಕೆ ಮಾರುವವರನ್ನು ಕಳ್ಳರೆನ್ನಬೇಕಾಗಿಲ್ಲ. ಬ್ಯಾಟರಿಯ ರಸೀತಿ ಕೇಳಿದರಾಯಿತು. ರಸೀತಿ ಇಲ್ಲ, ಅಂಕಿ ಎಪ್ಪತ್ತು ಎಂಬತ್ತರ ಒಳಗೆ ಇದೆ, ಕಾರು ಬಂದಿರುವುದು ಹುಬ್ಬಳ್ಳಿಯಿಂದ ಎಂದಾದರೆ, ಮುಂಗಡದ ಹಣವನ್ನು ಜೇಬಿನಲ್ಲಿಯೇ ಇಟ್ಟುಕೊಂಡು, ಕಾರನ್ನು ಒಂದು ವಾರ ಓಡಿಸಿ ನೋಡಲು ಕೊಡುವಿರಾ ಎಂದು ಕೇಳಬೇಕು.